ನಾವಿಲ್ಲದ ದಿನಕ್ಕೆ ಬೇಕಾಗುವ ಕಾಗದಪತ್ರಗಳು



ಸಂಘದ ವಾರದ ಸಭೆಯಲ್ಲಿ ನಾವು ಉಳಿತಾಯ ಬರೆಯುತ್ತೇವೆ, ಸಾಲ ಬರೆಯುತ್ತೇವೆ, ಕಂತು ಕಟ್ಟದವರ ಹೆಸರನ್ನೂ ಬರೆಯುತ್ತೇವೆ. ಆದರೆ ಒಂದು ಪ್ರಶ್ನೆ ಕೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ. "ಅಕ್ಕಾ, ನಾಳೆ ನಿನಗೇ ಏನಾದರೂ ಆದರೆ ಈ ದುಡ್ಡು ಯಾರಿಗೆ ಸೇರಬೇಕು?" ಹೀಗೆ ಕೇಳಿದ ತಕ್ಷಣ ಯಾರಾದರೊಬ್ಬರು "ಬಿಡ್ತು ಅನ್ನು, ಇಂಥ ಮಾತು ಯಾಕೆ?" ಅಂತಾರೆ. ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಸಾವಿನ ಮಾತು ಆಡಿದರೆ ಸಾವು ಬರುತ್ತದೆ ಎಂಬ ಹೆದರಿಕೆ ಹಳೆಯದು. ಆದರೆ ಆಡದೇ ಬಿಟ್ಟರೆ ಏನಾಗುತ್ತದೆ ಎನ್ನುವುದನ್ನೂ ನಾವು ನೋಡಿದ್ದೇವೆ. ಗಂಡ ತೀರಿಕೊಂಡ ಹನ್ನೊಂದನೇ ದಿನ ಬ್ಯಾಂಕಿಗೆ ಹೋಗಿ, ಪಾಸ್‌ಬುಕ್ಕಿನಲ್ಲಿ ನಾಮಿನಿ ಹೆಸರೇ ಇಲ್ಲ ಅಂತ ತಿಳಿದು, ಬರಿಗೈಯಲ್ಲಿ ಬಂದು ಮನೆಯ ಮೆಟ್ಟಿಲ ಮೇಲೆ ಕೂತ ಹೆಣ್ಣುಮಗಳು ಯಾವ ಸಂಘದಲ್ಲಿಲ್ಲ ಹೇಳಿ? ಬೆಳಿಗ್ಗೆ ಗಾರ್ಮೆಂಟ್ಸಿಗೆ ಓಡುವವರು, ಮನೆಗೆಲಸಕ್ಕೆ ಹೋಗುವವರು, ಸಂಜೆ ಊದುಬತ್ತಿ ಹೊಸೆಯುವವರು, ನಮಗೆಲ್ಲ ಪುರುಸೊತ್ತಿಲ್ಲ ಎನ್ನುವುದು ನಿಜ. ಇದಕ್ಕೆ ಬೇಕಾಗುವುದು ನಾಲ್ಕೈದು ಮಧ್ಯಾಹ್ನ ಮಾತ್ರ. ಈ ಪಾಠವನ್ನು ಒಬ್ಬರು ಓದಿ, ಉಳಿದವರು ಕೇಳಿ. ಎರಡು ಸಭೆಗೆ ಹಂಚಿಕೊಂಡರೂ ಸರಿಯೇ.

ಮೊದಲು ನಾಮಿನಿ ನೋಡಿ

ನಿಮ್ಮ ಹೆಸರಿನಲ್ಲಿ ಎಷ್ಟು ಕಡೆ ದುಡ್ಡಿದೆ ಎಂದು ಬೆರಳಿನಲ್ಲಿ ಎಣಿಸಿ. ಸಂಘದ ಉಳಿತಾಯ, ಗೃಹಲಕ್ಷ್ಮಿ ಹಣ ಬರುವ ಬ್ಯಾಂಕ್ ಖಾತೆ, ಅಂಚೆ ಕಚೇರಿಯ ಆರ್.ಡಿ., ಎಲ್.ಐ.ಸಿ. ಪಾಲಿಸಿ, ಕಾರ್ಖಾನೆಯ ಪಿ.ಎಫ್. 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನಲ್ಲೇ ಗೃಹಲಕ್ಷ್ಮಿ ಯೋಜನೆ ಶುರುವಾಯಿತಲ್ಲ, ಆಗ ಎಷ್ಟೋ ಜನ ಅವಸರದಲ್ಲಿ ಖಾತೆ ತೆರೆದರು. ಆ ಅರ್ಜಿಯಲ್ಲಿ ನಾಮಿನಿ ಜಾಗ ತುಂಬಿದ್ದೀರಾ, ಖಾಲಿ ಬಿಟ್ಟಿದ್ದೀರಾ? ಪಾಸ್‌ಬುಕ್ಕಿನ ಮೊದಲ ಪುಟ ನೋಡಿ. ಗೊತ್ತಾಗದಿದ್ದರೆ ಕೌಂಟರಿನಲ್ಲಿ ಕೇಳಿ. ನಾಮಿನಿ ಹೆಸರು ಸೇರಿಸಲು ಒಂದು ಅರ್ಜಿ ಸಾಕು.

ಬ್ಯಾಂಕ್ ಖಾತೆಗೆ ಮೊದಲು ಒಬ್ಬರನ್ನು ಮಾತ್ರ ನಾಮಿನಿ ಮಾಡಬಹುದಿತ್ತು. 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೆ ಮಾಡಬಹುದು. ಯಾರಿಗೆ ನೂರಕ್ಕೆ ಎಷ್ಟು ಎಂದೂ ಬರೆಯಬಹುದು. ಇಬ್ಬರು ಹೆಣ್ಣುಮಕ್ಕಳಿದ್ದರೆ ಐವತ್ತು ಐವತ್ತು ಅಂತ ಬರೆಸಿದರೆ ಆಯಿತು. ನಾಮಿನಿ ಇದ್ದು, ಕಾಗದಗಳೆಲ್ಲ ಸರಿಯಾಗಿದ್ದರೆ ಕೊಟ್ಟ 15 ದಿನದೊಳಗೆ ಹಣ ಕೊಡಬೇಕು ಎನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ನಾಮಿನಿ ಇಲ್ಲದಿದ್ದರೆ ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಮುಚ್ಚಳಿಕೆ ಎಂದು ಓಡಾಟ ಶುರು. ಮೊತ್ತ ದೊಡ್ಡದಾದರೆ ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕಾಗಬಹುದು. ಅದಕ್ಕೆ ವಕೀಲರ ಫೀಜು, ತಿಂಗಳುಗಟ್ಟಲೆ ಕಾಯುವುದು ಎಲ್ಲ ಸೇರಿಕೊಳ್ಳುತ್ತದೆ.

ವರ್ಷಕ್ಕೆ 436 ರೂಪಾಯಿ ಕಟ್ಟುವ ಪ್ರಧಾನಮಂತ್ರಿ ಜೀವನ ಜ್ಯೋತಿ, 20 ರೂಪಾಯಿ ಕಟ್ಟುವ ಸುರಕ್ಷಾ ವಿಮೆ ನಮ್ಮಲ್ಲಿ ಬಹಳ ಜನಕ್ಕೆ ಇದೆ. ಮೊದಲನೆಯದರಲ್ಲಿ ಹೇಗೆ ತೀರಿಕೊಂಡರೂ 2 ಲಕ್ಷ, ಎರಡನೆಯದರಲ್ಲಿ ಅಪಘಾತದಿಂದ ತೀರಿಕೊಂಡರೆ 2 ಲಕ್ಷ. ದುಡ್ಡು ಖಾತೆಯಿಂದ ತಾನೇ ಕಡಿತವಾಗುವುದರಿಂದ ಮನೆಯವರಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿರುವುದಿಲ್ಲ. ಗೊತ್ತಿಲ್ಲದ ವಿಮೆಯನ್ನು ಕೇಳುವವರು ಯಾರು? ದಯವಿಟ್ಟು ಇವತ್ತೇ ಮನೆಯಲ್ಲಿ ಹೇಳಿ.

ಮದುವೆಗೆ ಮುಂಚೆ ಕೆಲಸಕ್ಕೆ ಸೇರಿದವರು ಪಿ.ಎಫ್. ಅರ್ಜಿಯಲ್ಲಿ ಅಮ್ಮನ ಹೆಸರನ್ನೋ ಅಣ್ಣನ ಹೆಸರನ್ನೋ ಬರೆದಿರುತ್ತಾರೆ. ಮದುವೆಯಾದ ಮೇಲೆ ಪಿ.ಎಫ್. ನಾಮಿನೇಷನ್ ಹೊಸದಾಗಿ ಮಾಡಲೇಬೇಕು. ಎಲ್.ಐ.ಸಿ.ಯದೂ ಹಾಗೆಯೇ ತಿದ್ದಿಸಿಕೊಳ್ಳಿ. ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿ, ಆಮೇಲೆ ಬದಲಾಯಿಸದೆ ತೀರಿಕೊಂಡ ಒಬ್ಬರ ವಿಮೆ ಹಣದ ವ್ಯಾಜ್ಯ ನಮ್ಮ ಕರ್ನಾಟಕ ಹೈಕೋರ್ಟಿನವರೆಗೆ ಹೋಗಿತ್ತು. ಅತ್ತೆ ಒಂದು ಕಡೆ, ಸೊಸೆ ಮತ್ತು ಪುಟ್ಟ ಮಗು ಇನ್ನೊಂದು ಕಡೆ. 2025ರಲ್ಲಿ ಹೈಕೋರ್ಟು ಮೂವರಿಗೂ ಮೂರರಲ್ಲಿ ಒಂದೊಂದು ಪಾಲು ಎಂದು ಹೇಳಿತು. ತೀರ್ಪು ಸರಿಯಾಗಿಯೇ ಬಂತು. ಆದರೆ ಅಷ್ಟು ವರ್ಷ ಅತ್ತೆ ಸೊಸೆ ಕೋರ್ಟು ಅಲೆದದ್ದು ಒಂದು ಅರ್ಜಿ ತಿದ್ದದೇ ಇದ್ದದ್ದಕ್ಕೆ.

ಈ ತೀರ್ಪಿನಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ನಾಮಿನಿ ಅಂದರೆ ಮಾಲೀಕರಲ್ಲ. ಬ್ಯಾಂಕಿನವರು ಯಾರ ಕೈಗೆ ದುಡ್ಡು ಕೊಡಬೇಕು ಎನ್ನುವುದಕ್ಕೆ ಮಾತ್ರ ನಾಮಿನಿ. ಕೈಗೆ ಬಂದ ದುಡ್ಡನ್ನು ಕಾನೂನು ಪ್ರಕಾರದ ವಾರಸುದಾರರಿಗೆ ಹಂಚುವುದು ಅವರ ಹೊಣೆ. "ನನ್ನ ಹೆಸರೇ ಬರೆದಿದೆ, ಎಲ್ಲಾ ನಂದೇ" ಎಂದು ಹೇಳುವ ಹಾಗಿಲ್ಲ. ಹಾಗಾದರೆ ವಾರಸುದಾರರು ಯಾರು? ಇಲ್ಲಿಂದ ಸ್ವಲ್ಪ ಗಮನ ಕೊಟ್ಟು ಕೇಳಿ.

ಏನೂ ಬರೆದಿಡದೆ ಹೋದರೆ ಯಾರಿಗೆ ಎಷ್ಟು?

ನಮ್ಮ ಸಂಘಗಳಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಸಹೋದರಿಯರು ಒಂದೇ ಜಮಖಾನೆಯ ಮೇಲೆ ಕೂರುತ್ತೇವೆ. ಸಾಲದ ಬಡ್ಡಿ ಎಲ್ಲರಿಗೂ ಒಂದೇ. ಆದರೆ ಆಸ್ತಿಯ ಕಾನೂನು ಒಂದೇ ಅಲ್ಲ. ಒಂದು ಲೆಕ್ಕ ಮಾಡಿ ನೋಡೋಣ.

ಒಬ್ಬ ಯಜಮಾನ ಸ್ವಂತ ದುಡಿಮೆಯಿಂದ ಕಟ್ಟಿದ ಮನೆ, ಬೆಲೆ 24 ಲಕ್ಷ ಎಂದುಕೊಳ್ಳಿ. ವಿಲ್ ಬರೆಯದೆ ತೀರಿಕೊಂಡ. ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು, ವಯಸ್ಸಾದ ತಾಯಿ ಇದ್ದಾರೆ. ತಂದೆ ಇಲ್ಲ.

ಹಿಂದೂ ಕುಟುಂಬವಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಪ್ರಕಾರ ನಾಲ್ವರಿಗೂ ಸಮಪಾಲು. ಅಂದರೆ ಹೆಂಡತಿಗೆ 6 ಲಕ್ಷ, ಮಗನಿಗೆ 6, ಮಗಳಿಗೆ 6, ತಾಯಿಗೆ 6. "ಗಂಡನ ಮನೆ ಪೂರ್ತಿ ಹೆಂಡತಿಗೇ ಬರುತ್ತದೆ" ಎಂದು ನಂಬಿಕೊಂಡವರು ಇದನ್ನು ಎರಡು ಸಲ ಓದಿ.

ಕ್ರೈಸ್ತ ಕುಟುಂಬವಾದರೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಹೆಂಡತಿಗೆ ಮೂರನೇ ಒಂದು ಭಾಗ, ಅಂದರೆ 8 ಲಕ್ಷ. ಉಳಿದ 16 ಲಕ್ಷ ಮಕ್ಕಳಿಗೆ, ಗಂಡು ಹೆಣ್ಣು ಭೇದವಿಲ್ಲದೆ ತಲಾ 8. ಮಕ್ಕಳಿರುವಾಗ ತಾಯಿಗೆ ಒಂದು ರೂಪಾಯಿಯೂ ಇಲ್ಲ. ಮಗನ ಮನೆಯಲ್ಲೇ ಕೊನೆಗಾಲ ಕಳೆಯುತ್ತಿರುವ ಅಜ್ಜಿಯಂದಿರು ಎಷ್ಟು ಜನ ಇದ್ದಾರೆ, ಯೋಚಿಸಿ.

ಮುಸ್ಲಿಂ ಕುಟುಂಬವಾದರೆ ಷರೀಯತ್ ಪ್ರಕಾರ ಹೆಂಡತಿಗೆ ಎಂಟನೇ ಒಂದು ಭಾಗ, 3 ಲಕ್ಷ. ತಾಯಿಗೆ ಆರನೇ ಒಂದು ಭಾಗ, 4 ಲಕ್ಷ. ಉಳಿದ 17 ಲಕ್ಷದಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಪಾಲು. ಮಗನಿಗೆ ಸುಮಾರು 11 ಲಕ್ಷದ 33 ಸಾವಿರ, ಮಗಳಿಗೆ ಸುಮಾರು 5 ಲಕ್ಷದ 67 ಸಾವಿರ.

ಸೊಸೆಯ ವಿಷಯವನ್ನೂ ಹೇಳಬೇಕು. ಮಗ ಮುಂಚೆ ತೀರಿಕೊಂಡು, ಸೊಸೆ ಅತ್ತೆಮಾವನನ್ನು ನೋಡಿಕೊಂಡು ಅದೇ ಮನೆಯಲ್ಲಿದ್ದಾಳೆ ಎಂದುಕೊಳ್ಳಿ. ಹಿಂದೂ ಮಾವ ವಿಲ್ ಇಲ್ಲದೆ ತೀರಿಕೊಂಡರೆ ಆ ವಿಧವೆ ಸೊಸೆಗೆ ಪಾಲಿದೆ. ಕ್ರೈಸ್ತ ಮಾವನ ಆಸ್ತಿಯಲ್ಲಿ ಮೊಮ್ಮಕ್ಕಳಿಗೆ ಅವರ ಅಪ್ಪನ ಪಾಲು ಬರುತ್ತದೆ, ಸೊಸೆಗೆ ಬರುವುದಿಲ್ಲ. ಮಕ್ಕಳಿಲ್ಲದ ಸೊಸೆಯಾದರೆ ಕೈಗೆ ಏನೂ ಇಲ್ಲ. ಮುಸ್ಲಿಂ ಕಾನೂನಿನಲ್ಲಿ ಸೊಸೆ ವಾರಸುದಾರಳಲ್ಲ, ಇನ್ನೊಬ್ಬ ಮಗ ಬದುಕಿದ್ದರೆ ತಂದೆಯಿಲ್ಲದ ಆ ಮೊಮ್ಮಕ್ಕಳಿಗೂ ಪಾಲು ಸಿಗುವುದಿಲ್ಲ. ಹತ್ತು ವರ್ಷ ಸೇವೆ ಮಾಡಿದವಳನ್ನು ಒಂದೇ ವಾರದಲ್ಲಿ ಹೊರಗೆ ಹಾಕಲು ಇಷ್ಟು ಸಾಕು. ಇಂಥ ಮನೆಯ ಹಿರಿಯರು ಬದುಕಿರುವಾಗಲೇ ಬರೆದಿಡಬೇಕು.

ಹೆಣ್ಣಿನ ಸ್ವಂತ ದುಡಿಮೆ ಎಲ್ಲಿಗೆ ಹೋಗುತ್ತದೆ?

ಈ ಭಾಗವನ್ನು ಹಿಂದೂ ಸಹೋದರಿಯರು ಮುಖ್ಯವಾಗಿ ಗಮನಿಸಬೇಕು.

ಹಿಂದೂ ಹೆಂಗಸು ತನ್ನ ಹೆಸರಿನಲ್ಲಿರುವ ಆಸ್ತಿಗೆ ಪೂರ್ಣ ಒಡತಿ. ಅದರಲ್ಲಿ ಅನುಮಾನವಿಲ್ಲ. ಆದರೆ ಅವಳು ವಿಲ್ ಬರೆಯದೆ ತೀರಿಕೊಂಡರೆ ಆಸ್ತಿ ಮೊದಲು ಗಂಡ ಮತ್ತು ಮಕ್ಕಳಿಗೆ. ಗಂಡನೂ ಇಲ್ಲ, ಮಕ್ಕಳೂ ಇಲ್ಲ ಎಂದಾದರೆ? ಹೆತ್ತ ತಾಯಿತಂದೆಗೆ ಎಂದುಕೊಳ್ಳುತ್ತೇವೆ. ಕಾಯಿದೆಯ 15ನೇ ಕಲಂ ಹಾಗೆ ಹೇಳುವುದಿಲ್ಲ. ಮೊದಲು ಗಂಡನ ವಾರಸುದಾರರಿಗೆ, ಅವರು ಯಾರೂ ಇಲ್ಲದಿದ್ದರೆ ಆಮೇಲೆ ತಾಯಿತಂದೆಗೆ. ತವರಿನಿಂದ, ಅಂದರೆ ಅಪ್ಪ ಅಥವಾ ಅಮ್ಮನಿಂದ ಪಿತ್ರಾರ್ಜಿತವಾಗಿ ಬಂದ ಆಸ್ತಿಯಾಗಿದ್ದು ಮಕ್ಕಳಿಲ್ಲದಿದ್ದರೆ ಮಾತ್ರ ಅದು ತಂದೆಯ ಕಡೆಗೆ ಹಿಂದಿರುಗುತ್ತದೆ. ಸ್ವಂತ ದುಡಿದು ಗಳಿಸಿದ್ದಕ್ಕೆ ಈ ರಕ್ಷಣೆ ಇಲ್ಲ.

ಇದು ಕಾಗದದ ಮೇಲಿನ ಮಾತಲ್ಲ. 1955ರಲ್ಲಿ ಮದುವೆಯಾದ ಒಬ್ಬ ಹೆಣ್ಣುಮಗಳು. ಮೂರೇ ತಿಂಗಳಲ್ಲಿ ಗಂಡ ಹಾವು ಕಚ್ಚಿ ತೀರಿಕೊಂಡ. ಗಂಡನ ಮನೆಯವರು ಅವಳನ್ನು ಹೊರಗೆ ಹಾಕಿದರು. ತವರಿನವರು ಓದಿಸಿದರು, ಕೆಲಸ ಸಿಕ್ಕಿತು, ದುಡಿದಳು, ಬ್ಯಾಂಕಿನಲ್ಲಿ, ಪಿ.ಎಫ್.ನಲ್ಲಿ ದುಡ್ಡು ಕೂಡಿಟ್ಟಳು. 1996ರಲ್ಲಿ ತೀರಿಕೊಂಡಳು. ವಿಲ್ ಬರೆದಿರಲಿಲ್ಲ. ಮಗಳ ದುಡ್ಡಿಗಾಗಿ ಹೆತ್ತ ತಾಯಿ ಅರ್ಜಿ ಹಾಕಿದರೆ, ನಲವತ್ತು ವರ್ಷ ಅವಳ ಮುಖ ನೋಡದಿದ್ದ ಗಂಡನ ಅಕ್ಕತಂಗಿಯ ಮಕ್ಕಳೂ ಅರ್ಜಿ ಹಾಕಿದರು. 2009ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮನಸ್ಸಿಗೆ ಕಷ್ಟವಾದರೂ ಕಾಯಿದೆ ಇರುವುದು ಹೀಗೆ ಎಂದು ಹೇಳಿ, ದುಡ್ಡು ಗಂಡನ ಕಡೆಯವರಿಗೇ ಹೋಯಿತು.

ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿದ್ದರೆ ಆ ತಾಯಿಗೆ ಆ ದುಡ್ಡು ಸಿಗುತ್ತಿತ್ತು. 2025ರ ನವೆಂಬರಿನಲ್ಲಿ ಇದೇ 15ನೇ ಕಲಮಿನ ವಿಚಾರ ಮತ್ತೆ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ದೇಶದ ಎಲ್ಲ ಹೆಂಗಸರಿಗೂ, ಅದರಲ್ಲೂ ಹಿಂದೂ ಹೆಂಗಸರಿಗೆ, ತಮ್ಮ ಆಸ್ತಿಗೆ ವಿಲ್ ಮಾಡಿಡಿ ಎಂದು ಮನವಿ ಮಾಡಿತು. ಕಾನೂನು ಬದಲಾಗುವವರೆಗೆ ಕಾಯಬೇಡಿ ಎನ್ನುವುದೇ ಅದರ ಅರ್ಥ ಎಂದು ನಮಗನಿಸುತ್ತದೆ.

ವಿಲ್ ಬರೆಯುವುದು ಹೇಗೆ?

ವಿಲ್, ಉಯಿಲು, ಮರಣಶಾಸನ, ಯಾವ ಹೆಸರಿನಿಂದ ಕರೆದರೂ ಒಂದೇ. "ವಿಲ್ ಎಲ್ಲಾ ಬಂಗಲೆ ಇರೋರಿಗೆ, ನಮಗೇನಿದೆ?" ಎನ್ನುತ್ತಾರೆ. ಒಂದು ಹಕ್ಕುಪತ್ರದ ಮನೆ, ಎರಡು ಜೊತೆ ಓಲೆ, ಸಂಘದ ಉಳಿತಾಯ ಇದ್ದರೂ ಜಗಳಕ್ಕೆ ಅಷ್ಟು ಸಾಕು.

ಛಾಪಾ ಕಾಗದ ಬೇಕಿಲ್ಲ. ಬಿಳಿ ಹಾಳೆ ಸಾಕು. ಕೈಯಲ್ಲಿ ಬರೆಯಬಹುದು, ಟೈಪ್ ಮಾಡಿಸಬಹುದು, ಕನ್ನಡದಲ್ಲೇ ಇರಲಿ. ಬಾಯಿಮಾತಿನಲ್ಲಿ "ಈ ಮನೆ ನಿನಗೇ ಮಗಳೇ" ಎಂದರೆ ಹಿಂದೂ, ಕ್ರೈಸ್ತರಿಗೆ ಅದು ವಿಲ್ ಆಗುವುದಿಲ್ಲ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ಆದರೆ ಪೂರ್ತಿ ಓದಿಸಿ ಕೇಳಿ, "ಓದಿ ಹೇಳಿದ್ದನ್ನು ಕೇಳಿ ಒಪ್ಪಿರುತ್ತೇನೆ" ಎಂಬ ಸಾಲು ಬರೆಸಿ.

ಪ್ರಾಣ ಇರುವುದು ಸಾಕ್ಷಿಯಲ್ಲಿ. ಕಡಿಮೆಯೆಂದರೆ ಇಬ್ಬರು ಸಾಕ್ಷಿಗಳು, ನೀವು ಸಹಿ ಹಾಕುವುದನ್ನು ಕಣ್ಣಾರೆ ಕಂಡು, ನಿಮ್ಮ ಎದುರಿಗೇ ಸಹಿ ಹಾಕಬೇಕು. ವಿಲ್‌ನಲ್ಲಿ ಆಸ್ತಿ ಪಡೆಯುವವರು, ಅವರ ಗಂಡ ಅಥವಾ ಹೆಂಡತಿ ಸಾಕ್ಷಿ ಆಗಬಾರದು. ಕ್ರೈಸ್ತರ ವಿಲ್‌ನಲ್ಲಿ ಹಾಗೆ ಮಾಡಿದರೆ ವಿಲ್ ಉಳಿಯುತ್ತದೆ, ಆದರೆ ಆ ಸಾಕ್ಷಿಗೆ ಬರೆದ ಪಾಲು ರದ್ದಾಗುತ್ತದೆ. ಉಳಿದವರೂ ಇದನ್ನೇ ಪಾಲಿಸಿದರೆ ಮುಂದೆ ಯಾರೂ ಬೊಟ್ಟು ಮಾಡುವ ಹಾಗಿರುವುದಿಲ್ಲ. ಸಾಕ್ಷಿಗಳು ನಿಮಗಿಂತ ಚಿಕ್ಕ ವಯಸ್ಸಿನವರಾಗಿರಲಿ. ತಕರಾರು ಬಂದರೆ ಇಬ್ಬರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಎಂಬತ್ತರ ತಾತನನ್ನು ಸಾಕ್ಷಿ ಮಾಡಿಕೊಂಡರೆ ಹೇಳುವವರು ಯಾರು? ಸಂಘದ ಇಬ್ಬರು ಸದಸ್ಯೆಯರು ಒಳ್ಳೆಯ ಸಾಕ್ಷಿಗಳು. ನಿಮ್ಮನ್ನು ವಾರ ವಾರ ನೋಡುವವರು ಅವರೇ ತಾನೇ.

ನೋಂದಣಿ ಕಡ್ಡಾಯವಲ್ಲ. ಆದರೂ ನಮ್ಮ ಸಲಹೆ, ಮನೆ ಅಥವಾ ನಿವೇಶನ ಇದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿ. ವಿಲ್‌ಗೆ ಮುದ್ರಾಂಕ ಶುಲ್ಕ ಇಲ್ಲ, ನೋಂದಣಿ ಶುಲ್ಕವೂ ಕಡಿಮೆ. ಮೂಲಪ್ರತಿ ಕಳೆದುಹೋದರೂ ಕಚೇರಿಯಲ್ಲಿ ದಾಖಲೆ ಇರುತ್ತದೆ, ಹಾಳೆ ಬದಲಾಯಿಸಿದರು ಎಂಬ ಮಾತು ಏಳುವುದಿಲ್ಲ. ತುಂಬ ವಯಸ್ಸಾದವರು, ಕಾಯಿಲೆಯವರು ಬುದ್ಧಿ ಸ್ವಸ್ಥವಾಗಿದೆ ಎಂದು ವೈದ್ಯರಿಂದ ಒಂದು ಚೀಟಿ ಪಡೆದು ಜೊತೆಗಿಟ್ಟರೆ ಒಳ್ಳೆಯದು. ಹಾಸಿಗೆ ಹಿಡಿದ ಮೇಲೆ, ಆಸ್ಪತ್ರೆಯಲ್ಲಿ, ಒಬ್ಬ ಮಗ ಮಾತ್ರ ಪಕ್ಕದಲ್ಲಿದ್ದಾಗ ಬರೆಸಿದ ವಿಲ್‌ಗಳೇ ಹೆಚ್ಚಾಗಿ ಕೋರ್ಟಿಗೆ ಹೋಗುವುದು.

ಬರೆದ ಮೇಲೆ ಬದಲಾಯಿಸಬಹುದೇ? ಎಷ್ಟು ಸಲ ಬೇಕಾದರೂ. ಕೊನೆಯದೇ ಊರ್ಜಿತ. ನೀವು ಬದುಕಿರುವವರೆಗೆ ಆಸ್ತಿ ನಿಮ್ಮದೇ, ಮಾರುವ ಹಕ್ಕೂ ನಿಮ್ಮದೇ. ಕ್ರೈಸ್ತರು ಒಂದು ನೆನಪಿಡಿ: ವಿಲ್ ಬರೆದ ಮೇಲೆ ಮದುವೆಯಾದರೆ ಆ ವಿಲ್ ತಾನೇ ರದ್ದಾಗುತ್ತದೆ, ಹೊಸದಾಗಿ ಬರೆಯಬೇಕು. ಮುಸ್ಲಿಂ ಸಹೋದರಿಯರು ಸಾಲ ಮತ್ತು ಅಂತ್ಯಸಂಸ್ಕಾರದ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗದವರೆಗೆ ಮಾತ್ರ ವಸಿಯ್ಯತ್ ಮಾಡಬಹುದು. ವಾರಸುದಾರರಲ್ಲಿ ಒಬ್ಬರಿಗೆ ಹೆಚ್ಚಿಗೆ ಬರೆಯಲು ಉಳಿದವರ ಒಪ್ಪಿಗೆ ಬೇಕು. ಧರ್ಮಕಾರ್ಯಕ್ಕೆ ಆಸ್ತಿ ಬರೆಯಲು ಕ್ರೈಸ್ತರಿಗೆ ಮಾತ್ರ ಇದ್ದ ವಿಶೇಷ ನಿರ್ಬಂಧವನ್ನು 2003ರಲ್ಲಿ ಸುಪ್ರೀಂ ಕೋರ್ಟು ತೆಗೆದುಹಾಕಿದೆ.

ನಮ್ಮದಲ್ಲದ್ದನ್ನು ಬರೆಯಲು ಬರುವುದಿಲ್ಲ ಎನ್ನುವುದೂ ತಿಳಿದಿರಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಅಪ್ಪ ತನ್ನ ಪಾಲನ್ನು ಮಾತ್ರ ವಿಲ್ ಮಾಡಬಹುದು. ಎಲ್ಲವನ್ನೂ ಗಂಡುಮಕ್ಕಳಿಗೆ ಬರೆದು ಹೋದರೂ ಹೆಣ್ಣುಮಕ್ಕಳ ಪಾಲು ಹೋಗುವುದಿಲ್ಲ.

ಒಂದು ಮಾದರಿ ಕೊಡುತ್ತಿದ್ದೇವೆ. ಇದನ್ನೇ ಬರೆದುಕೊಂಡು ತಿದ್ದಿ.

*"……… ಅವರ ಪತ್ನಿ/ಮಗಳಾದ ………, ವಯಸ್ಸು ……, ವಾಸ ………, ಮೈಸೂರು, ಆದ ನಾನು ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ, ದಿನಾಂಕ ……ರಂದು ಬರೆಸಿದ ಮರಣಶಾಸನ. ಈ ಹಿಂದೆ ಬರೆದ ವಿಲ್‌ಗಳು ಯಾವುವಾದರೂ ಇದ್ದರೆ ಅವೆಲ್ಲ ರದ್ದು. ನನ್ನ ಸ್ವಂತ ಆಸ್ತಿಯಾದ ……… ನಂಬರಿನ ಮನೆ (ಚೆಕ್ಕುಬಂದಿ: ಪೂರ್ವಕ್ಕೆ …… ಪಶ್ಚಿಮಕ್ಕೆ …… ಉತ್ತರಕ್ಕೆ …… ದಕ್ಷಿಣಕ್ಕೆ ……) ನನ್ನ ನಂತರ ………ಗೆ ಸೇರತಕ್ಕದ್ದು. ನನ್ನ ಒಡವೆಗಳು ………ಗೆ, ಬ್ಯಾಂಕ್ ಮತ್ತು ಸಂಘದ ಹಣ ………ಗೆ. ಇಲ್ಲಿ ಹೇಳದೆ ಬಿಟ್ಟ ಎಲ್ಲವೂ ………ಗೆ. ಇದನ್ನು ನಡೆಸಿಕೊಡುವ ಜವಾಬ್ದಾರಿ ………ಅವರದು."* ಕೆಳಗೆ ನಿಮ್ಮ ಸಹಿ. ಅದರ ಕೆಳಗೆ ಇಬ್ಬರು ಸಾಕ್ಷಿಗಳ ಸಹಿ, ಹೆಸರು, ವಿಳಾಸ. ಪ್ರತಿ ಪುಟಕ್ಕೂ ನಿಮ್ಮ ಸಹಿ ಇರಲಿ.

"ಇಲ್ಲಿ ಹೇಳದೆ ಬಿಟ್ಟ ಎಲ್ಲವೂ" ಎಂಬ ಸಾಲನ್ನು ಮರೆಯಬೇಡಿ. ವಿಲ್ ಬರೆದ ಮೇಲೆ ಕೊಂಡ ಒಂದು ಜೊತೆ ಬಳೆಗೆ ಅಕ್ಕತಂಗಿಯರು ಮಾತು ಬಿಟ್ಟದ್ದುಂಟು.

ಸಹಿ ಹಾಕುವ ಮುಂಚೆ ಯೋಚಿಸಬೇಕಾದ ಕಾಗದಗಳು

ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ತಂಗಿಯನ್ನು ಕರೆಸಿ, ಊಟ ಹಾಕಿ, ಸೀರೆ ಕುಪ್ಪಸ ಕೊಟ್ಟು, "ಖಾತೆ ಬದಲಾವಣೆಗೆ ಒಂದು ಸಹಿ" ಅಂತಾರೆ. ಆ ಕಾಗದ ಹೆಚ್ಚಾಗಿ ಹಕ್ಕು ಬಿಡುಗಡೆ ಪತ್ರ. ಅದಕ್ಕೆ ಸಹಿ ಹಾಕಿ ನೋಂದಣಿಯಾದರೆ ನಿಮ್ಮ ಪಾಲು ಹೋದ ಹಾಗೆ. ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹುಟ್ಟಿನಿಂದ ಹಕ್ಕಿದೆ. ನಮ್ಮ ಕರ್ನಾಟಕದಲ್ಲಿ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಇದು ಸಿಕ್ಕಿತ್ತು. 2005ರ ಸೆಪ್ಟೆಂಬರ್ 9ರಿಂದ ದೇಶದ ಎಲ್ಲ ಹೆಣ್ಣುಮಕ್ಕಳಿಗೂ, ಮದುವೆಯಾದವರಿಗೂ ಸಿಕ್ಕಿತು. ಆ ದಿನ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿದೆ. ಪಾಲು ಬಿಡುವುದು ಬೇಡ ಎಂದು ನಾವು ಹೇಳುತ್ತಿಲ್ಲ. ಕಷ್ಟದಲ್ಲಿರುವ ತಮ್ಮನಿಗೆ ಮನಸಾರೆ ಬಿಟ್ಟುಕೊಡುವವರೂ ಇದ್ದಾರೆ, ಅದು ಅವರ ದೊಡ್ಡತನ. ಏನು ಬಿಡುತ್ತಿದ್ದೇನೆ ಎಂದು ಗೊತ್ತಿದ್ದು ಬಿಡಿ. ಕಾಗದ ಮನೆಗೆ ತಂದು, ಓದಿಸಿ, ಒಂದು ವಾರ ಬಿಟ್ಟು ಸಹಿ ಹಾಕಿ. ಒಂದು ವಾರಕ್ಕೆ ಮುರಿದುಬೀಳುವ ಸಂಬಂಧವೇನಲ್ಲ.

ದಾನಪತ್ರ ವಿಲ್‌ನಂತಲ್ಲ. ನೋಂದಣಿಯಾದ ದಿನದಿಂದಲೇ ಆಸ್ತಿ ಅವರದು. ಮಗನಿಗೆ ಪ್ರೀತಿಯಿಂದ ಮನೆ ಬರೆದುಕೊಟ್ಟು, ಆರು ತಿಂಗಳಿಗೆ ಬಾಡಿಗೆ ಮನೆ ಹುಡುಕಿದ ತಾಯಂದಿರು ನಮ್ಮ ಊರಲ್ಲೂ ಇದ್ದಾರೆ. ಬರೆಯಲೇಬೇಕೆಂದರೆ "ಕೊನೆಯವರೆಗೆ ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಸೇರಿಸಿ. ಷರತ್ತಿದ್ದು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯಿದೆ ಪ್ರಕಾರ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಟ್ಟು ದಾನಪತ್ರ ರದ್ದು ಮಾಡಿಸಬಹುದು.

ಜಿ.ಪಿ.ಎ. ಮೇಲೆ ರೆವಿನ್ಯೂ ನಿವೇಶನ ಕೊಂಡವರು ಮೈಸೂರಿನ ಸುತ್ತಮುತ್ತ ಬೇಕಾದಷ್ಟಿದ್ದಾರೆ. ಜಿ.ಪಿ.ಎ. ಮಾತ್ರದಿಂದ ಮಾಲೀಕತ್ವ ಬರುವುದಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಅದೂ ಅಲ್ಲದೆ, ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರ ಅಲ್ಲಿಗೇ ಮುಗಿಯಿತು. ನಿಮ್ಮ ಹತ್ತಿರ ಅಂಥ ಕಾಗದ ಇದ್ದರೆ, ಬರೆದುಕೊಟ್ಟವರು ಬದುಕಿರುವಾಗಲೇ ಕ್ರಯಪತ್ರ ಮಾಡಿಸಿಕೊಳ್ಳಲು ಏನು ದಾರಿ ಎಂದು ವಕೀಲರನ್ನು ಕೇಳಿ. ಹಾಗೆಯೇ ಮುಡಾ ನಿವೇಶನ ಲೀಸ್ ಕಂ ಸೇಲ್ ಮೇಲೆ ಸಿಕ್ಕಿ, ಅವಧಿ ಮುಗಿದರೂ ಹಕ್ಕುಪತ್ರ ಮಾಡಿಸಿಕೊಳ್ಳದೆ ಬಿಟ್ಟವರಿದ್ದಾರೆ. ಯಜಮಾನರು ಇರುವಾಗ ಮಾಡಿಸುವುದು ಸುಲಭ, ಆಮೇಲೆ ಎಲ್ಲ ವಾರಸುದಾರರೂ ಬರಬೇಕು. ಖಾತೆ ಮತ್ತು ಕಂದಾಯ ರಸೀತಿ ಇದ್ದರೆ ಸಾಕು ಎಂಬ ತಪ್ಪು ತಿಳುವಳಿಕೆಯೂ ಬೇಡ. ಖಾತೆ ತೆರಿಗೆ ಕಟ್ಟುವುದಕ್ಕೆ, ಮಾಲೀಕತ್ವಕ್ಕೆ ಕ್ರಯಪತ್ರವೇ ಆಧಾರ.

ಆಸ್ಪತ್ರೆಗೆ ಸಂಬಂಧಿಸಿದ್ದು ಒಂದು ಮಾತು. ವಾಸಿಯಾಗುವ ಆಸೆಯೇ ಇಲ್ಲದಾಗ, ಮಾತಾಡಲು ಆಗದ ಸ್ಥಿತಿಯಲ್ಲಿ, ಯಂತ್ರಗಳ ಮೇಲೆ ಇಡಬೇಕೋ ಬೇಡವೋ, ನಮ್ಮ ಪರವಾಗಿ ಯಾರು ನಿರ್ಧರಿಸಬೇಕು ಎಂದು ಮುಂಚೆಯೇ ಬರೆದಿಡಲು 2018ರಲ್ಲಿ ಸುಪ್ರೀಂ ಕೋರ್ಟು ಅವಕಾಶ ಕೊಟ್ಟಿತು, 2023ರಲ್ಲಿ ಕ್ರಮವನ್ನು ಸರಳ ಮಾಡಿತು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದಕ್ಕೆ ಆದೇಶ ಹೊರಡಿಸಿದೆ. ಇದು ಅವರವರ ಮನಸ್ಸಿಗೆ ಬಿಟ್ಟದ್ದು, ಮನೆಯವರ ಜೊತೆ ಮಾತಾಡಿ ತೀರ್ಮಾನಿಸಿ.

ಮನೆಯಲ್ಲಿ ಸಾವಾದರೆ ಮೊದಲ ತಿಂಗಳ ಕೆಲಸ

ಸಾವನ್ನು 21 ದಿನದೊಳಗೆ ನೋಂದಣಿ ಮಾಡಿಸಬೇಕು. ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯವರೇ ತಿಳಿಸುತ್ತಾರೆ, ಮನೆಯಲ್ಲಾದರೆ ಮನೆಯವರು ಪಾಲಿಕೆಗೆ ತಿಳಿಸಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಹೆಸರಿನ ಅಕ್ಷರ ಆಧಾರ್ ಕಾರ್ಡಿನಲ್ಲಿ ಇರುವ ಹಾಗೇ ಬರೆಸಿ. ಒಂದು ಕಡೆ "ಲಕ್ಷ್ಮಮ್ಮ", ಇನ್ನೊಂದು ಕಡೆ "ಲಕ್ಷ್ಮೀದೇವಿ" ಎಂದಿದ್ದರೆ ಎಲ್ಲ ಕಚೇರಿಗಳಲ್ಲೂ ಅದೇ ತಕರಾರು. ಮರಣ ಪ್ರಮಾಣಪತ್ರದ ಹತ್ತು ಪ್ರತಿ ಒಂದೇ ಸಲಕ್ಕೆ ತೆಗೆದಿಡಿ. ಆಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷ, ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರಕ್ಕೆ ಅರ್ಜಿ ಹಾಕಿ. ಊರಲ್ಲಿ ಜಮೀನಿದ್ದರೆ ಪೌತಿ ಖಾತೆ, ಸಿಟಿಯಲ್ಲಿ ಮನೆಯಿದ್ದರೆ ಪಾಲಿಕೆಯಲ್ಲಿ ಖಾತೆ ವರ್ಗಾವಣೆ. ತೀರಿಕೊಂಡವರ ಎ.ಟಿ.ಎಂ. ಕಾರ್ಡಿನಿಂದ ದುಡ್ಡು ತೆಗೆಯಬೇಡಿ, ಎಷ್ಟೇ ಕಷ್ಟವಿದ್ದರೂ. ಮುಂದೆ ವಾರಸುದಾರರ ನಡುವೆ ಅದೇ ಕಳ್ಳತನದ ಮಾತಾಗುತ್ತದೆ.

ವಕೀಲರಿಗೆ ದುಡ್ಡಿಲ್ಲ ಎಂದು ಹಿಂಜರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಇದೆ. ಮೈಸೂರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ.

ಮುಂದಿನ ಸಭೆಗೆ

ಪ್ರತಿಯೊಬ್ಬರೂ ಒಂದು ಬಟ್ಟೆ ಚೀಲ ಅಥವಾ ಪ್ಲಾಸ್ಟಿಕ್ ಫೈಲ್ ತೆಗೆದುಕೊಳ್ಳಿ. ಮನೆಯ ಪತ್ರ, ಖಾತೆ, ಇ.ಸಿ., ಪಾಸ್‌ಬುಕ್, ವಿಮೆ ಬಾಂಡ್, ಮದುವೆ ಸರ್ಟಿಫಿಕೇಟು, ಮಕ್ಕಳ ಜನನ ಪ್ರಮಾಣಪತ್ರ, ಒಡವೆ ಅಡವಿಟ್ಟ ರಸೀತಿ ಅದರಲ್ಲಿರಲಿ. ಮೇಲೊಂದು ಹಾಳೆಯಲ್ಲಿ ನಮಗೆ ಬರಬೇಕಾದ್ದು ಎಷ್ಟು, ನಾವು ಕೊಡಬೇಕಾದ್ದು ಎಷ್ಟು ಬರೆಯಿರಿ. ಕೈಸಾಲವನ್ನೂ ಬರೆಯಿರಿ, ನಾಚಿಕೆ ಬೇಡ. ಎ.ಟಿ.ಎಂ. ಗುಟ್ಟಿನ ನಂಬರ್ ಮಾತ್ರ ಬರೆಯಬೇಡಿ. ಈ ಚೀಲ ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಟ್ರಂಕಿನ ತಳದಲ್ಲಿ ಬೀಗ ಹಾಕಿ, ಬೀಗದಕೈ ಯಾರಿಗೂ ಹೇಳದೆ ಹೋದವರ ಮನೆಯಲ್ಲಿ ಟ್ರಂಕು ಒಡೆದದ್ದೇ ಒಂದು ಜಗಳವಾಯಿತು.

ಸಂಘದ ಲೆಕ್ಕದ ಪುಸ್ತಕದಲ್ಲಿ ಪ್ರತಿ ಸದಸ್ಯೆಯ ಹೆಸರಿನ ಮುಂದೆ ನಾಮಿನಿ ಕಾಲಂ ಇದೆಯೇ? ಇಲ್ಲದಿದ್ದರೆ ಗೆರೆ ಎಳೆದು ಮಾಡಿಕೊಳ್ಳಿ. ಸದಸ್ಯೆ ತೀರಿಕೊಂಡರೆ ಅವರ ಉಳಿತಾಯದಿಂದ ಬಾಕಿ ಸಾಲ ಮುರಿದುಕೊಳ್ಳಬೇಕೋ, ಮನೆಯವರಿಗೆ ಕಂತಿಗೆ ಸಮಯ ಕೊಡಬೇಕೋ ಎನ್ನುವುದನ್ನು ಎಲ್ಲರೂ ಚೆನ್ನಾಗಿರುವ ಈಗಲೇ ಚರ್ಚಿಸಿ, ನಡವಳಿ ಪುಸ್ತಕದಲ್ಲಿ ತೀರ್ಮಾನ ಬರೆದು ಎಲ್ಲರೂ ಸಹಿ ಹಾಕಿ. ಪ್ರತಿನಿಧಿಗಳು ಆ ಪುಟದ ಒಂದು ಪ್ರತಿಯನ್ನು ಒಕ್ಕೂಟದ ಸಭೆಗೆ ತನ್ನಿ.